ನನ್ನನ್ನು ಬಿಟ್ಟು ನಡೆದ ಕರೆಗಳು

ನನಗೆ ಕ್ಯಾನ್ಸರ್ ಇದೆ ಎಂದು ನನಗೆ ಗೊತ್ತಾದದ್ದು ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಫುಟ್‌ಪಾತಿನ ಮೇಲೆ, ಸಂಜೆ ಐದೂಮುಕ್ಕಾಲರ ಹೊತ್ತಿಗೆ, ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದಾಗ. ಅದನ್ನು ಯಾರೂ ನನಗೆ ಹೇಳಲಿಲ್ಲ. ನಾನು ಲೈನಿನಲ್ಲಿ ಇದ್ದೇನೆಂದು ತಿಳಿಯದೆ ಮೂವರು ತಮ್ಮತಮ್ಮಲ್ಲಿ ಮಾತಾಡಿಕೊಂಡರು, ನಾನು ಕೇಳಿಸಿಕೊಂಡೆ. ಇದಾಗಿ ಒಂದೂವರೆ ವರ್ಷವಾಯಿತು. ಕುತ್ತಿಗೆಯ ಗಾಯ ಮಾಗಿದೆ. ಸ್ಕ್ಯಾನು ಚೆನ್ನಾಗಿ ಬಂದಿದೆ. ಸ್ವರ ಮುಕ್ಕಾಲು ಪಾಲು ಮರಳಿದೆ. ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿಲ್ಲ. ಕಾಯಿಲೆ ಬಿದ್ದವರೆಲ್ಲ ಶಾಂತರಾಗಿ, ಕೃತಜ್ಞರಾಗಿ ಎದ್ದು ಬರುತ್ತಾರೆಂದು ಓದಿದ್ದೆ. ಹಾಗೆ ಆಗದವರೂ ಇರಬಹುದು ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಆ ದಿನ ನನ್ನ ಕುತ್ತಿಗೆಯ ಗಂಟಿನಿಂದ ಸೂಜಿಯಲ್ಲಿ ತೆಗೆದ ಮಾದರಿಯ ರಿಪೋರ್ಟು ಬರುವುದಿತ್ತು. ತರಲು ಗಂಡ ದಿನೇಶ್ ಹೋಗಿದ್ದರು. ಆಫೀಸಿನಿಂದ ಕೆಳಗಿಳಿದವಳೇ ಅವರಿಗೆ ಫೋನು ಮಾಡಿದೆ.

"ರಿಪೋರ್ಟ್ ಸಿಕ್ಕಿತಾ?"

"ಇಲ್ಲ, ನಾಳೆ ಅಂತೆ. ಒಂದು ನಿಮಿಷ ಶೈಲಾ, ನಿನ್ನಣ್ಣನ ಕಾಲ್ ಬರ್ತಾ ಉಂಟು. ಆಮೇಲೆ ಮಾಡ್ತೇನೆ."

ಕಾಲ್ ಕಟ್ ಆಗಲಿಲ್ಲ, ಹೋಲ್ಡಿಗೆ ಹೋಯಿತು. ಕಾಯಿರಿ ಎಂದು ಒಬ್ಬ ಹೆಂಗಸು ಬಂಗಾಳಿಯಲ್ಲಿ ಹೇಳತೊಡಗಿದಳು. ಉಡುಪಿಯಲ್ಲಿರುವ ನನ್ನಣ್ಣನಿಗೆ ಒಬ್ಬರ ಹತ್ತಿರ ಮಾತ್ರ ಮಾತಾಡಿ ಅಭ್ಯಾಸವಿಲ್ಲ. ಯಾವ ವಿಷಯವೇ ಇರಲಿ, ಇನ್ನೊಬ್ಬರನ್ನು ಸೇರಿಸಿಕೊಂಡೇ ಫೋನು ಮಾಡುತ್ತಾನೆ. ಅವತ್ತು ಮುಂಬಯಿಯಲ್ಲಿರುವ ನನ್ನ ನಾದಿನಿ, ದಿನೇಶ್ ಅವರ ತಂಗಿ ಜಯಾಳನ್ನು ಸೇರಿಸಿಕೊಂಡಿದ್ದ. ದಿನೇಶ್ ನನ್ನ ಕಾಲನ್ನು ಮುಗಿಸಲು ಹೋಗಿ ಪಕ್ಕದ ಗುಂಡಿ ಒತ್ತಿದರು. ಎರಡು ಕರೆಗಳನ್ನು ಒಂದಾಗಿಸುವ ಗುಂಡಿ ಅದು. ಬಂಗಾಳಿ ಹೆಂಗಸು ಥಟ್ಟನೆ ನಿಂತಳು. ಅಣ್ಣನ ಸ್ವರ ಕೇಳಿಸಿತು.

"ಎಂತ ಬರ್ದಿದ್ದಾರೆ ಭಾವ? ಓದಿ."

ದಿನೇಶ್ ಓದಿದರು. ಇಂಗ್ಲಿಷಿನ ದೊಡ್ಡ ಶಬ್ದಗಳ ಮುಂದೆ ತಡವರಿಸುತ್ತ, ಶಾಲೆಯ ಹುಡುಗನ ಹಾಗೆ ಓದಿದರು. ಪ್ಯಾಪಿಲರಿ ಕಾರ್ಸಿನೋಮ. ಜಯಾ ಅಳುವುದು ಕೇಳಿಸಿತು.

"ಅಳ್ಬೇಡ ಮಾರಾಯ್ತಿ," ಅಂದ ಅಣ್ಣ. "ಥೈರಾಯ್ಡ್‌ದು ಗುಣ ಆಗ್ತದೆ. ಈಗ ಮುಖ್ಯ ಎಂತ ಅಂದ್ರೆ, ಶೈಲಾಳಿಗೆ ಹೇಳುದು ಬೇಡ. ಗಡ್ಡೆ ತೆಗೀಬೇಕು ಅಂತ ಮಾತ್ರ ಹೇಳುವ. ಅವಳು ತಡ್ಕೊಳ್ಳುದಿಲ್ಲ. ಅಮ್ಮನಿಗೆ ಅಂತೂ ಹೇಳ್ಲಿಕ್ಕೇ ಇಲ್ಲ."

"ಹೌದು ಹೌದು," ಅಂದರು ದಿನೇಶ್. "ನಂಗೂ ಹಾಗೇ ಅನಿಸ್ತದೆ."

"ಕೆಲಸ ಬಿಡಿಸಿಬಿಡಿ ಅಣ್ಣ," ಅಂದಳು ಜಯಾ ಮೂಗೊರೆಸಿಕೊಂಡು. "ಅತ್ತಿಗೆಗೆ ಇನ್ನು ಟೆನ್ಷನ್ ಆಗ್ಬಾರ್ದು."

ಹನ್ನೊಂದು ನಿಮಿಷ ನಾನು ಆ ಫುಟ್‌ಪಾತಿನ ಮೇಲೆ ನಿಂತಿದ್ದೆ. ಜನ ಭುಜಕ್ಕೆ ತಾಗಿಸಿಕೊಂಡು ಹೋಗುತ್ತಿದ್ದರು. ಯಾವ ಸರ್ಜನ್, ಯಾವ ತಿಂಗಳು, ಮಗಳಿಗೆ ಏನು ಹೇಳುವುದು, ನನ್ನ ನೌಕರಿ ಏನಾಗಬೇಕು, ಎಲ್ಲ ತೀರ್ಮಾನವಾಯಿತು. ಮೂವರಿಗೂ ನನ್ನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. ಅಷ್ಟು ಪ್ರೀತಿ ಇದ್ದ ಮೂವರಲ್ಲಿ ಒಬ್ಬರೂ "ಅವಳನ್ನೇ ಕೇಳುವ" ಎನ್ನಲಿಲ್ಲ. ನಾನು ಬ್ಯಾಂಕಿನ ಪ್ರಾದೇಶಿಕ ಕಚೇರಿಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವವಳು. ದಿನಾ ಬೆಳಿಗ್ಗೆ ನಾಲ್ಕೈದು ಶಾಖೆಗಳ ಮ್ಯಾನೇಜರುಗಳನ್ನು ಒಂದೇ ಕರೆಗೆ ತಂದು, ಯಾರು ಮಾತಾಡಬೇಕು, ಯಾರು ಕಾಯಬೇಕು ಎಂದು ಹೇಳುವುದು ನನ್ನ ಕೆಲಸ. ಅವತ್ತು ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ಹೆದರಿಕೆಯೋ ಅವಮಾನವೋ ಈಗಲೂ ಗೊತ್ತಿಲ್ಲ.

ನಾನು ಬಾಲಿಗಂಜಿನ ಮನೆ ಮುಟ್ಟಿದ ಅರ್ಧ ಗಂಟೆಯ ಮೇಲೆ ದಿನೇಶ್ ಸಂದೇಶ್ ಎಂಬ ಬಂಗಾಳಿ ಸಿಹಿಯ ಡಬ್ಬಿ ಹಿಡಿದುಕೊಂಡು ಬಂದರು. ನೊಲೇನ್ ಗುಡ್, ಹೊಸ ಬೆಲ್ಲದ್ದು. ಅದು ನನಗೆ ಇಷ್ಟ.

"ರಿಪೋರ್ಟ್ ನಾಳೆ ಬರ್ತದಂತೆ," ಎಂದು ನಗುತ್ತ ಡಬ್ಬಿ ಬಿಚ್ಚಿದರು.

ಒಂದು ಸಂದೇಶ್ ಪೂರ್ತಿ ತಿಂದು ಮುಗಿಸಿದೆ. ಆಮೇಲೆ ಕೇಳಿದೆ.

"ಕಾರ್ಸಿನೋಮ ಓದ್ಲಿಕ್ಕೆ ಅಷ್ಟು ಕಷ್ಟವಾ ನಿಮಗೆ?"

ಅವರ ಮುಖದ ಬಣ್ಣ ಇಳಿದದ್ದನ್ನು ನೋಡಿ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ. ಅವರು ಕುರ್ಚಿಯ ಮೇಲೆ ಕೂತು ಅತ್ತರು. ನಾನು ಅಳಲಿಲ್ಲ. ಹನ್ನೆರಡನೇ ಕ್ಲಾಸಿನಲ್ಲಿದ್ದ ಮಗಳು ಮೇಘಾ ಬಾಗಿಲಲ್ಲಿ ನಿಂತಿದ್ದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮೂರು ಭಾಷೆ ಕಲಸಿಹೋಗುತ್ತದೆ.

"ಪಾಪಾ, ಯು ಲೈಡ್ ಟು ಹರ್?" ಅಂದಳು. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮ, ನಂಗೆ ಸಬ್ ಕುಛ್ ಹೇಳ್ಬೇಕು. ಸಬ್ ಕುಛ್. ಪ್ರಾಮಿಸ್ ಮಾಡು," ಅಂದಳು.

ಪ್ರಾಮಿಸ್ ಮಾಡಿದೆ. ಆ ಮನೆಯಲ್ಲಿ ಅವತ್ತು ನನಗೆ ಸಿಕ್ಕಿದ ದೊಡ್ಡ ಸಮಾಧಾನ ಅದೊಂದೇ.

ಸರ್ಜನ್ ಒಳ್ಳೆಯ ಕೈಗುಣದವರೆಂದು ಎಲ್ಲರೂ ಹೇಳಿದ್ದರು. ಅವರಿಗೆ ಕಿವಿ ಇರಲಿಲ್ಲ. ಕುತ್ತಿಗೆ ನನ್ನದು, ಪ್ರಶ್ನೆ ಕೇಳಿದವಳು ನಾನು, ಉತ್ತರ ಹೋಗುತ್ತಿದ್ದುದು ದಿನೇಶ್ ಕಡೆಗೆ. "ಮ್ಯಾಡಮ್‌ಗೆ ಟೆನ್ಷನ್ ಕೊಡಬೇಡಿ" ಎಂದು ನನ್ನೆದುರೇ ಅವರಿಗೆ ಹೇಳಿದರು. ಸ್ವರಕ್ಕೆ ತೊಂದರೆ ಆಗಬಹುದೇ ಎಂದು ನಾನು ಎರಡು ಸಲ ಕೇಳಿದೆ. "ರೇರ್, ವೆರಿ ರೇರ್" ಎಂದು ಕೈ ಆಡಿಸಿದರು.

ಆಪರೇಷನ್ ಮುಗಿದು ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದೆ. ಬರೀ ಗಾಳಿ ಹೊರಟಿತು. ಎರಡು ದಿನ ಬಿಟ್ಟು ಮೂಗಿನಿಂದ ಕೊಳವೆ ಇಳಿಸಿ ನೋಡಿದರು. ಎಡಗಡೆಯ ಸ್ವರತಂತು ಅಲುಗಾಡುತ್ತಿರಲಿಲ್ಲ. ನರಕ್ಕೆ ಪೆಟ್ಟಾಗಿದೆ, ಆರು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು. ಅದನ್ನೂ ದಿನೇಶ್‌ಗೇ ಹೇಳಿದರು.

ಆಮೇಲೆ ಶುರುವಾಯಿತು ಎಂಟು ಗಂಟೆಯ ಕಾಲ್. ದಿನಾ ರಾತ್ರಿ ಎಂಟಕ್ಕೆ ಸರಿಯಾಗಿ ಅಣ್ಣ ಜಯಾಳನ್ನು ಸೇರಿಸಿಕೊಂಡು ದಿನೇಶ್‌ಗೆ ಫೋನು ಮಾಡುತ್ತಿದ್ದ. ದಿನೇಶ್ ಸ್ಪೀಕರ್ ಹಾಕಿ ನನ್ನ ಹಾಸಿಗೆಯ ಮೇಲಿಡುತ್ತಿದ್ದರು.

"ಹೇಗಿದ್ದಿ ಶೈಲಾ?"

ನಾನು ಉಸಿರು ಕೂಡಿಸಿಕೊಂಡು "ನೋವು" ಎನ್ನುವಷ್ಟರಲ್ಲಿ ಅಣ್ಣ "ಆಯ್ತು ಆಯ್ತು, ಮಾತಾಡ್ಬೇಡ, ರೆಸ್ಟ್ ಮಾಡು" ಎನ್ನುತ್ತಿದ್ದ. ಆಮೇಲೆ ಅರ್ಧ ಗಂಟೆ ನನ್ನ ಬಗ್ಗೆ. ಅವಳು ತಿಂದಳಾ, ಅವಳಿಗೆ ನಿದ್ದೆ ಬಂತಾ, ಅವಳ ಕ್ಯಾಲ್ಸಿಯಂ ಎಷ್ಟು. ಪಿಸುಮಾತಿನವಳಿಗೆ ಗುಂಪಿನ ಕರೆಯಲ್ಲಿ ಜಾಗವಿಲ್ಲ. ಯಾರ ಸ್ವರ ದೊಡ್ಡದೋ ಫೋನು ಅವರದ್ದನ್ನೇ ಹಿಡಿಯುತ್ತದೆ. ನಾನು ಬಾಯಿ ತೆರೆದಾಗಲೆಲ್ಲ ಜಯಾಳ ಮನೆಯ ಕುಕ್ಕರಿನ ಸೀಟಿ ನನ್ನನ್ನು ಮುಚ್ಚಿಹಾಕುತ್ತಿತ್ತು. ಒಂದು ರಾತ್ರಿ ಮೇಜು ಬಡಿದೆ. "ಎಂತ ಸದ್ದು ಅದು?" ಎಂದು ಅಣ್ಣ ಕೇಳಿದ. "ಏನಿಲ್ಲ, ಶೈಲಾ ಅಷ್ಟೇ," ಅಂದರು ದಿನೇಶ್.

ಇದಕ್ಕಿಂತ ದೊಡ್ಡ ಅನ್ಯಾಯ ಅಮ್ಮನಿಗೆ ಆದದ್ದು. ಎಪ್ಪತ್ತೆಂಟರ ಅಮ್ಮ ಉಡುಪಿಯಲ್ಲಿ ಅಣ್ಣನ ಫ್ಲ್ಯಾಟಿನಲ್ಲಿದ್ದಾರೆ. ಕೈಯಲ್ಲಿ ಒಂದು ಚಿಕ್ಕ ಫೋನಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಅವರಿಗೆ ಫೋನು ಮಾಡುವುದು ಇಪ್ಪತ್ತು ವರ್ಷದ ರೂಢಿ. ನಾನು ಆರು ತಿಂಗಳ ಟ್ರೈನಿಂಗಿಗೆ ದೆಹಲಿಗೆ ಹೋಗಿದ್ದೇನೆ, ಅಲ್ಲಿ ಫೋನು ಬಿಡುವುದಿಲ್ಲ ಎಂದು ಅಣ್ಣ ಅವರಿಗೆ ಹೇಳಿದ್ದ. ಬ್ಯಾಂಕಿನ ಟ್ರೈನಿಂಗು ಜೈಲಿನ ಹಾಗಿರುತ್ತದೆಯೇ? ಆದರೆ ಇಲ್ಲಿ ನನ್ನ ತಪ್ಪೂ ಇದೆ. ಫೋನು ನನ್ನ ಕೈಯಲ್ಲೇ ಇತ್ತು. ಈ ಗಾಳಿಯಂಥ ಸ್ವರವನ್ನು ಅಮ್ಮನಿಗೆ ಕೇಳಿಸಲು ನನಗೆ ಹೆದರಿಕೆಯಾಯಿತು. ಒಂದು ಭಾನುವಾರ ಹೋಯಿತು, ಎರಡು ಹೋದವು. ಸ್ವರ ಬರಲಿ, ಆಮೇಲೆ ಮಾಡುವೆ ಎಂದು ನಾನೂ ಅಂದುಕೊಂಡೆ.

ಉಳಿದ ಕ್ಯಾನ್ಸರ್ ಕಣಗಳನ್ನು ಸುಡಲು ವಿಕಿರಣ ಸೂಸುವ ರೇಡಿಯೋ ಅಯೋಡಿನ್ ಕೊಡಬೇಕಿತ್ತು. ಅದಕ್ಕೆ ಮುಂಚೆ ಒಂದು ತಿಂಗಳು ಥೈರಾಯ್ಡ್ ಮಾತ್ರೆ ನಿಲ್ಲಿಸಿದರು. ಆ ತಿಂಗಳ ಬಗ್ಗೆ ಯಾರೂ ನನ್ನನ್ನು ಎಚ್ಚರಿಸಿರಲಿಲ್ಲ. ಮುಖ ಊದಿತು. ಸೆಖೆಯಲ್ಲಿ ಶಾಲು ಹೊದ್ದು ಕೂತೆ. ಒಂದು ಮೆಟ್ಟಿಲು ಹತ್ತಿ ಮುಂದಿನ ಮೆಟ್ಟಿಲು ಯಾಕೆ ಹತ್ತಬೇಕು ಎಂದು ಯೋಚಿಸುತ್ತ ನಿಲ್ಲುತ್ತಿದ್ದೆ. ಊಟದಲ್ಲಿ ಅಯೋಡಿನ್ ಇರಬಾರದು. ಹಾಲಿಲ್ಲ, ಮೊಸರಿಲ್ಲ, ಮಾಮೂಲಿ ಉಪ್ಪಿಲ್ಲ, ಮೀನಂತೂ ಇಲ್ಲವೇ ಇಲ್ಲ. ಕರಾವಳಿಯವಳು, ಕೋಲ್ಕತ್ತದಲ್ಲಿ, ಮೀನಿಲ್ಲದೆ! ಕೆಳಗಿನ ಮನೆಯಿಂದ ಇಲಿಶ್ ಮೀನು ಹುರಿಯುವ ವಾಸನೆ ಮೇಲೆ ಬಂದಾಗ ಕಿಟಕಿಯನ್ನು ದಢಾರನೆ ಹಾಕಿದ್ದೇನೆ. ದಿನೇಶ್ ಆ ತಿಂಗಳು ತಾನೂ ಮೀನು ತಿನ್ನಲಿಲ್ಲ. ಅದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಆದರೂ ಎಂಟು ಗಂಟೆಗೆ ಸ್ಪೀಕರ್ ಹಾಕುವುದನ್ನು ಬಿಡಲಿಲ್ಲ.

ಆಸ್ಪತ್ರೆಯ ಆ ವಿಭಾಗ ನೆಲಮಾಳಿಗೆಯಲ್ಲಿ. ಹೊರಗಿನ ಬೆಂಚಿನ ಮೇಲೆ ನಮ್ಮಂಥವರು ಏಳೆಂಟು ಮಂದಿ, ಎಲ್ಲರ ಕುತ್ತಿಗೆಯಲ್ಲೂ ಒಂದೇ ತರದ ಗೆರೆ. ನನ್ನ ಪಕ್ಕ ಕೂತವರು ಶುಕ್ಲಾದಿ, ಬಂಗಾಳಿಯಲ್ಲಿ 'ದಿ' ಅಂದರೆ ಅಕ್ಕ. ಅರವತ್ತೆಂಟು ವಯಸ್ಸು, ದಕ್ಷಿಣೇಶ್ವರದಲ್ಲಿ ದೇವಸ್ಥಾನದ ದಾರಿಯಲ್ಲಿ ಹೂವು, ಪೇಡೆ ಮಾರುವ ಸಣ್ಣ ಅಂಗಡಿ. ಒಬ್ಬರೇ ಲೋಕಲ್ ಟ್ರೈನಿನಲ್ಲಿ ಬಂದಿದ್ದರು. ಅವರು ಬಂಗಾಳಿಯಲ್ಲಿ, ನಾನು ಹಿಂದಿಯಲ್ಲಿ. ಅವರು ಗಟ್ಟಿಯಾಗಿ, ನಾನು ಪಿಸುಮಾತಿನಲ್ಲಿ.

"ನಿನ್ನ ಸ್ವರ ಎಲ್ಲಿ ಹೋಯಿತು?" ಎಂದು ನೇರವಾಗಿ ಕೇಳಿದರು. ಮೂರು ತಿಂಗಳಲ್ಲಿ ನನ್ನನ್ನು ನೇರವಾಗಿ ಕೇಳಿದವರು ಅವರೊಬ್ಬರೇ. ನಾನು ನಿಧಾನವಾಗಿ ಹೇಳಿದೆ. ಅವರು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಪೂರ್ತಿ ಕೇಳಿದರು. ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.

"ಮಕ್ಕಳು?" ಎಂದು ನಾನು ಕೇಳಿದೆ.

"ಇಬ್ಬರು ಗಂಡು. ಒಬ್ಬ ದುರ್ಗಾಪುರ, ಒಬ್ಬ ಪುಣೆ. ಇವನು ಅವನು ಬರ್ತಾನೆ ಅಂತಾನೆ. ಅವನು ಇವನು ಬರ್ತಾನೆ ಅಂತಾನೆ. ಬಿಡುಗಡೆ ದಿನ ನನ್ನನ್ನು ಯಾರು ಕರ್ಕೊಂಡು ಹೋಗ್ತಾರೆ ಅಂತ ಆ ಭಗವತಿಗೂ ಗೊತ್ತಿಲ್ಲ."

ನಂಬರ್ ಬದಲಾಯಿಸಿಕೊಂಡೆವು. ಅಕ್ಕಪಕ್ಕದ ಕೋಣೆಗಳು ಸಿಕ್ಕಿದವು. ದಪ್ಪ ಗೋಡೆ, ಭಾರದ ಬಾಗಿಲು. ಔಷಧಿಯನ್ನು ಸೀಸದ ಡಬ್ಬಿಯಲ್ಲಿ ತಂದರು. ತಂದವರು ದೂರ ನಿಂತು, ನುಂಗಿ ಎಂದರು. ನುಂಗಿದ ಗಳಿಗೆಯಿಂದ ಮೂರು ದಿನ ನಾನು ಯಾರೂ ಹತ್ತಿರ ಬರಬಾರದ ವಸ್ತು. ಬಟ್ಟೆ ಅವರದ್ದು, ತಟ್ಟೆ ಎಸೆಯುವಂಥದ್ದು. ಹೊರಗಿನಿಂದ ಒಳಗೆ ಬಿಟ್ಟದ್ದು ಫೋನೊಂದನ್ನೇ, ಅದನ್ನೂ ಅಡುಗೆಮನೆಯ ತೆಳು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ. ನೀರು ಕುಡಿ, ನಿಂಬೆಹಣ್ಣು ಚೀಪು, ಮತ್ತೆ ನೀರು ಕುಡಿ. ಅಷ್ಟೇ ಕೆಲಸ.

ಎರಡನೆಯ ದಿನ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ಶುಕ್ಲಾದಿ ಫೋನು ಮಾಡಿದರು.

"ನೀನು ಬ್ಯಾಂಕಿನವಳು. ಇಬ್ಬರನ್ನು ಒಂದೇ ಲೈನಿಗೆ ತರುವುದು ಹೇಗೆ ಹೇಳು. ಇಬ್ಬರನ್ನೂ ಒಟ್ಟಿಗೆ ಬೈಯಬೇಕು. ಒಬ್ಬೊಬ್ಬರನ್ನೇ ಬೈದರೆ ಪ್ರಯೋಜನ ಇಲ್ಲ."

ನಾನು ಪಿಸುಮಾತಿನಲ್ಲಿ ಹೇಳಿಕೊಟ್ಟೆ. ಈಗ ನನ್ನ ಜೊತೆ ಮಾತಾಡುತ್ತಿದ್ದೀರಲ್ಲ, ಫೋನನ್ನು ಕಿವಿಯಿಂದ ತೆಗೆದು ನೋಡಿ. ಕೂಡಿಸುವ ಗುರುತು ಇದೆಯಾ? ಅದನ್ನು ಒತ್ತಿ, ದೊಡ್ಡ ಮಗನ ಹೆಸರು ಒತ್ತಿ. ನಾನು ಹೋಲ್ಡಿಗೆ ಹೋಗುತ್ತೇನೆ, ಹೆದರಬೇಡಿ. ಅವನು ಎತ್ತಿದ ಮೇಲೆ ಎರಡು ಬಾಣ ಒಂದಾಗುವ ಗುರುತು ಕಾಣುತ್ತದೆ, ಅದನ್ನು ಒತ್ತಿ. ಆಮೇಲೆ ಚಿಕ್ಕವನಿಗೂ ಹಾಗೇ. ಪ್ಲಾಸ್ಟಿಕ್ಕಿನ ಮೇಲೆ ಬೆರಳು ಜಾರಿ ಎರಡು ಸಲ ಕಟ್ ಆಯಿತು. ಮೂರನೆಯ ಸಲ ದೊಡ್ಡ ಮಗ ಬಂದ. ನನ್ನನ್ನು ಈಗ ತೆಗೆದುಬಿಡಿ ಎಂದೆ.

"ನೀನು ಇರು," ಅಂದರು ಶುಕ್ಲಾದಿ. "ಸಾಕ್ಷಿಗೆ."

ಚಿಕ್ಕವನೂ ಬಂದ. ಆಮೇಲೆ ನಾಲ್ಕು ನಿಮಿಷ ಆ ಹೆಂಗಸು ಬೈದದ್ದರಲ್ಲಿ ನನಗೆ ಅರ್ಧ ಅರ್ಥವಾಯಿತು. ಪೂರ್ತಿ ಸಂತೋಷವಾಯಿತು. ದಾದಾ ಹೇಳಿದ್ದ ಎಂದು ಚಿಕ್ಕವನು, ಭಾಯ್ ಹೇಳಿದ್ದ ಎಂದು ದೊಡ್ಡವನು. ಇಬ್ಬರೂ ಲೈನಿನಲ್ಲೇ ಇದ್ದುದರಿಂದ ಆ ಆಟ ನಡೆಯಲಿಲ್ಲ. ಕೊನೆಗೆ ದುರ್ಗಾಪುರದವನು ಮಂಗಳವಾರ ಬೆಳಿಗ್ಗೆ ಬರುತ್ತೇನೆಂದು ಒಪ್ಪಿದ.

"ಕೇಳಿಸಿತಾ ಶೈಲಾ?" ಎಂದು ಶುಕ್ಲಾದಿ ಕೂಗಿದರು.

"ಕೇಳಿಸಿತು," ಎಂದೆ. ಎಲ್ಲಿಂದಲೋ ಬಂದ ಆ ಪಿಸುಮಾತಿಗೆ ಇಬ್ಬರು ಗಂಡಸರೂ ಬೆಚ್ಚಿರಬೇಕು.

ಫೋನಿಟ್ಟಾಗ ಹತ್ತಕ್ಕೆ ಹತ್ತು ನಿಮಿಷ ಇತ್ತು. ನಾನು ಇನ್ನು ಯಾವುದಕ್ಕೆ ಕಾಯುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡೆ. ಸ್ವರ ಬಾರದೆಯೇ ಹೋದರೆ ಅಮ್ಮ ಸಾಯುವವರೆಗೂ ನಾನು ದೆಹಲಿಯಲ್ಲೇ ಇರಬೇಕಾ?

ದಿನೇಶ್‌ಗೆ ಮಾಡಿದೆ. ಅಣ್ಣನನ್ನು ಸೇರಿಸಿದೆ. ಜಯಾಳನ್ನು ಸೇರಿಸಿದೆ. ಎಲ್ಲರಿಗೂ ಗಾಬರಿ.

"ಎಂತ ಆಯ್ತು? ವಾಂತಿಯಾ? ನರ್ಸ್ ಇಲ್ವಾ?"

ನಾನು ಏನೂ ಹೇಳದೆ ಅಮ್ಮನ ನಂಬರ್ ಒತ್ತಿದೆ. ಅಮ್ಮ ಎತ್ತಿದ ಕೂಡಲೇ ಕರೆ ಕೂಡಿಸಿದೆ. ಒಂದೇ ಮನೆಯ ಎರಡು ಫೋನು ಒಂದೇ ಕರೆಗೆ ಬಂದದ್ದರಿಂದ ಕಿವಿ ತೂತಾಗುವಂಥ ಕೀರಲು ಎದ್ದಿತು. ಅಣ್ಣ ಬಾಲ್ಕನಿಗೆ ಓಡಿರಬೇಕು, ಸದ್ದು ನಿಂತಿತು.

"ಯಾರು?" ಅಂದರು ಅಮ್ಮ.

"ಅಮ್ಮ, ನಾನು."

"ಯಾರದು? ಸ್ವರ ಕೇಳುದಿಲ್ಲ. ಸ್ವಲ್ಪ ಗಟ್ಟಿ ಮಾತಾಡಿ."

"ನಾನು ಶೈಲಾ ಅಮ್ಮ."

ಅಷ್ಟರಲ್ಲಿ ಅಣ್ಣ ನಡುವೆ ಬಂದ. "ಅಮ್ಮ, ಅದು ಯಾರೋ ರಾಂಗ್ ನಂಬರ್. ಫೋನ್ ಇಡಿ ನೀವು. ಇಡಿ."

ಅವನು ನನ್ನ ಅಣ್ಣ. ನನಗೆ ಸೈಕಲ್ ಕಲಿಸಿದವನು. ನನ್ನ ಆಪರೇಷನ್ ದಿನ ಇಡೀ ದಿವಸ ಉಪವಾಸ ಇದ್ದವನು. ಹೆತ್ತ ತಾಯಿಗೆ ನಾನು ನನ್ನ ಹೆಸರು ಹೇಳುತ್ತಿದ್ದರೆ ಅವನು ನನ್ನನ್ನು ರಾಂಗ್ ನಂಬರ್ ಅಂದ. ಫೋನನ್ನು ಕಿವಿಯಿಂದ ತೆಗೆದೆ. ಕರೆಯಲ್ಲಿದ್ದ ನಾಲ್ವರ ಹೆಸರೂ ಸಾಲಾಗಿ ಇತ್ತು. ಪ್ರತಿ ಹೆಸರಿನ ಎದುರೂ ಕೆಂಪು ಗುರುತು. ಅಣ್ಣನ ಹೆಸರಿನ ಎದುರಿನ ಗುರುತು ಒತ್ತಿದೆ. ಅವನ ಸ್ವರ ಅರ್ಧ ಮಾತಿನಲ್ಲಿ ನಿಂತಿತು.

"ಶೈಲಾ, ನೀನು ಎಂತ ಮಾಡ್ತಾ..." ಎಂದು ದಿನೇಶ್ ಶುರು ಮಾಡಿದರು.

"ನೀವು ಒಂದು ಶಬ್ದ ಮಾತಾಡಿದ್ರೆ ನಿಮ್ಮನ್ನೂ ತೆಗೀತೇನೆ," ಎಂದೆ.

ಮೂರು ತಿಂಗಳಲ್ಲಿ ಮೊದಲ ಸಲ ನಾನಿದ್ದ ಕರೆಯಲ್ಲಿ ಯಾರೂ ಮಾತಾಡಲಿಲ್ಲ. ಜಯಾಳ ಮನೆಯ ಕುಕ್ಕರ್ ಕೂಡ ಸುಮ್ಮನಿತ್ತು. ಆ ಮೌನದಲ್ಲಿ ನನ್ನ ಗಾಳಿಯ ಸ್ವರ ಸಾಕಾಯಿತು. ಅಮ್ಮ, ನಾನು ದೆಹಲಿಯಲ್ಲಿ ಇಲ್ಲ, ಟ್ರೈನಿಂಗ್ ಇಲ್ಲ. ಗಂಟಲಲ್ಲಿ ಕ್ಯಾನ್ಸರ್ ಆಗಿತ್ತು. ತೆಗೆದಿದ್ದಾರೆ. ಸ್ವರ ಹೋಗಿದೆ, ಬರಬಹುದು. ಈಗ ಆಸ್ಪತ್ರೆಯ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಒಂದೊಂದು ವಾಕ್ಯಕ್ಕೂ ಉಸಿರು ತೆಗೆದುಕೊಂಡು ಹೇಳಿದೆ.

ಅಮ್ಮ ಎದೆ ಹಿಡಿದುಕೊಂಡು ಬಿದ್ದರೇನೋ ಎಂದು ಅವರ ಉಸಿರಿನ ಸದ್ದಿಗೆ ಕಿವಿಗೊಟ್ಟೆ. ಅಣ್ಣ ಹೇಳಿದ್ದೇ ಸರಿಯಾಯಿತೇನೋ ಅನಿಸಿತು.

"ಹನ್ನೊಂದು ಭಾನುವಾರ," ಅಂದರು ಅಮ್ಮ ಕೊನೆಗೆ. ಸ್ವರ ಒಣಗಿತ್ತು. "ಹನ್ನೊಂದು ಭಾನುವಾರ ಫೋನ್ ಹಿಡ್ಕೊಂಡು ಕೂತಿದ್ದೇನೆ. ನಿನಗೆ ನಾನು ಎಂತ ಅಂದೆ, ಯಾವ ಮಾತಿಗೆ ನಿನಗೆ ಬೇಜಾರಾಯ್ತು ಅಂತ ಆಲೋಚನೆ ಮಾಡಿ ಮಾಡಿ ಸಾಕಾಯ್ತು ಮಗಾ. ಟ್ರೈನಿಂಗ್ ಅಂತೆ! ನಂಗೆ ಗೊತ್ತಾಗುದಿಲ್ವಾ? ನೀನು ನನ್ನತ್ರ ಮಾತು ಬಿಟ್ಟಿದ್ದಿ, ಅದನ್ನು ಹೇಳ್ಲಿಕ್ಕೆ ಇವನಿಗೆ ಧೈರ್ಯ ಇಲ್ಲ ಅಂತ ತಿಳ್ಕೊಂಡಿದ್ದೆ."

ಅವತ್ತು ಅತ್ತುಬಿಟ್ಟೆ. ಸ್ವರವಿಲ್ಲದೆ ಅಳುವುದು ಬಹಳ ಕಷ್ಟ, ಉಸಿರು ಸಿಕ್ಕಿಕೊಳ್ಳುತ್ತದೆ. ಅಮ್ಮನ ಕಡೆಯಿಂದ ಬಾಗಿಲು ತೆರೆದ ಸದ್ದು, ಅಣ್ಣನ ಮಾತು.

"ನೀನು ಆಚೆ ಹೋಗು," ಎಂದು ಅಮ್ಮ ಅವನಿಗೆ ಗದರಿದರು. "ನಿನ್ನತ್ರ ಆಮೇಲೆ ಉಂಟು." ಆಮೇಲೆ ನನಗೆ, "ನೀನು ಮಾತಾಡ್ಬೇಡ. ಗಂಟಲಿಗೆ ನೋವಾಗ್ತದೆ. ಸುಮ್ಮನೆ ಕೇಳು," ಎಂದು ಹನ್ನೊಂದು ವಾರದ ಸುದ್ದಿಯನ್ನು ಶುರು ಮಾಡಿದರು. ಎದುರು ಮನೆಗೆ ಬಂದ ಸೊಸೆ, ಒಡೆದ ನೀರಿನ ಪೈಪು, ಮೀನಿನವಳ ಮಗಳ ಮದುವೆ. ದಿನೇಶ್ ಮತ್ತು ಜಯಾ ಇನ್ನೂ ಲೈನಿನಲ್ಲಿದ್ದರು. ಒಬ್ಬೊಬ್ಬರನ್ನಾಗಿ ಇಬ್ಬರನ್ನೂ ತೆಗೆದೆ. ಐವತ್ತು ನಿಮಿಷ ನಿಂಬೆಹಣ್ಣು ಚೀಪುತ್ತ ಅಮ್ಮನೊಬ್ಬರ ಮಾತು ಕೇಳಿದೆ.

ಮೂರು ದಿನ ಮುಗಿದು, ಮಂಗಳವಾರ ಬೆಳಿಗ್ಗೆ ಮೈಯಲ್ಲಿ ಉಳಿದ ವಿಕಿರಣವನ್ನು ಯಂತ್ರ ಹಿಡಿದು ಅಳೆದು ಬಿಡುಗಡೆ ಮಾಡಿದರು. ದಿನೇಶ್ ಗೇಟಿನ ಹತ್ತಿರ ದೂರ ನಿಂತಿದ್ದರು, ನಿಯಮದಂತೆ. ಕಾರಿನ ಹಿಂದಿನ ಸೀಟಿನಲ್ಲಿ ನಾನು, ಮುಂದೆ ಅವರು.

"ನಿನಗೆ ಏನಾದ್ರೂ ಆದ್ರೆ ಅಂತ ನಂಗೆ ಹೆದ್ರಿಕೆ ಆಗಿತ್ತು," ಅಂದರು ಬೈಪಾಸ್ ದಾಟಿದ ಮೇಲೆ.

"ನಿಮ್ಮ ಹೆದ್ರಿಕೆಗೆ ನಾನು ಯಾಕೆ ಸುಮ್ಮನಿರ್ಬೇಕು?"

ಅವತ್ತಿನಿಂದ ಡಾಕ್ಟರರ ಕೋಣೆಯಲ್ಲಿ ಮೇಘಾ ನನ್ನ ಪಕ್ಕ ಕೂರುತ್ತಾಳೆ, ದಿನೇಶ್ ಹೊರಗೆ ಬೆಂಚಿನ ಮೇಲೆ ಕಾಯುತ್ತಾರೆ. ಆ ಏರ್ಪಾಡು ಮಾಡಿದ್ದು ಮೇಘಾ. "ಪಾಪಾ, ನೀವು ವೇಯ್ಟಿಂಗ್ ರೂಮ್," ಅಂದಳು ಅಷ್ಟೇ. ಎಂಟು ಗಂಟೆಯ ಕಾಲ್ ನಿಂತಿತು. ಬೇಕೆನಿಸಿದಾಗ ನಾನೇ ಮಾಡುತ್ತೇನೆ. ಅಣ್ಣ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ನಾನೂ ಕರೆಯಲಿಲ್ಲ. ಕೆಲಸ ಬಿಡಲಿಲ್ಲ. ಆಫೀಸಿನಲ್ಲಿ ನನ್ನ ಬೆಳಗಿನ ಕರೆಯನ್ನು ಬೇರೊಬ್ಬರಿಗೆ ಕೊಟ್ಟಿದ್ದರು, ಕೇಳದೆಯೇ, ನನ್ನ ಒಳ್ಳೆಯದಕ್ಕೆ. ಜಗಳವಾಡಿ ವಾಪಸ್ ಪಡೆಯಲು ಐದು ವಾರ ಹಿಡಿಯಿತು. ಶುಕ್ಲಾದಿ ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. ಅವರ ಸ್ಕ್ಯಾನ್ ಇನ್ನೂ ಪೂರ್ತಿ ಸ್ವಚ್ಛವಿಲ್ಲ, ಮತ್ತೊಂದು ಸಲ ಆ ಕೋಣೆಗೆ ಹೋಗಬೇಕಂತೆ. ಆ ಸಲ ನಾನು ಗೇಟಿನ ಹತ್ತಿರ ನಿಂತಿರುತ್ತೇನೆಂದು ಹೇಳಿದ್ದೇನೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಣ್ಣನ ಫೋನು ಬಂತು. ಒಬ್ಬನೇ ಇದ್ದ, ಯಾರನ್ನೂ ಸೇರಿಸಿಕೊಂಡಿರಲಿಲ್ಲ. ಅದರಿಂದಲೇ ನನಗೆ ಗಾಬರಿಯಾಯಿತು.

"ಅಮ್ಮನಿಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ತಿತ್ತು. ಎಕೋ ಮಾಡಿಸಿದೆ. ಹೃದಯದ ಒಂದು ವಾಲ್ವ್ ತುಂಬಾ ಕೆಟ್ಟಿದೆ ಅಂತೆ. ಆಪರೇಷನ್ ಮಾಡ್ಬಹುದು, ಈ ವಯಸ್ಸಿಗೆ ಅಪಾಯ ಉಂಟು ಅಂತಾರೆ. ಮಾಡದಿದ್ರೆ ಒಂದೋ ಎರಡೋ ವರ್ಷ." ಸ್ವರ ತಗ್ಗಿಸಿ ಹೇಳಿದ. "ಅವರಿಗೆ ಇನ್ನೂ ಹೇಳ್ಲಿಲ್ಲ. ನೀನು ಎಂತ ಹೇಳ್ತಿ?"

ಹೇಳುವುದು ಬೇಡ. ಅದೇ ನನ್ನ ಬಾಯಿಗೆ ಮೊದಲು ಬಂದ ಮಾತು. ಎಪ್ಪತ್ತೊಂಬತ್ತು ವಯಸ್ಸು, ಚೆನ್ನಾಗಿ ಉಣ್ಣುತ್ತಾರೆ, ಮಲಗುತ್ತಾರೆ, ಯಾಕೆ ಹೇಳಬೇಕು, ಏನು ಸಾಧಿಸಬೇಕು. ಆ ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಅಣ್ಣ ಕಾಯುತ್ತಿದ್ದ. ನಾನು ಪಾರ್ಕ್ ಸ್ಟ್ರೀಟಿನಲ್ಲಿ ನಿಂತಿದ್ದಾಗ ಆ ಮೂವರಿಗೆ ಏನು ಅನಿಸಿರಬಹುದೆಂದು ನನಗೆ ಆಗ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಿಟ್ಟು ಕಡಿಮೆಯಾಗಲಿಲ್ಲ. ಈಗ ನನ್ನ ಮೇಲೂ ಬಂತು, ಅಷ್ಟೇ.

"ಅಮ್ಮ ಎಲ್ಲಿದ್ದಾರೆ?"

"ಹಾಲ್‌ನಲ್ಲಿ. ಬಸಳೆ ಬಿಡಿಸ್ತಾ ಇದ್ದಾರೆ."

"ಹೋಗಿ ಅವರ ಪಕ್ಕ ಕೂತ್ಕೋ. ಸ್ಪೀಕರ್ ಹಾಕು. ನಾನೇ ಹೇಳ್ತೇನೆ. ನಾನು ಮುಗಿಸುವವರೆಗೆ ನೀನು ಬಾಯಿ ತೆಗೀಬೇಡ."

ಅವನು ನಡೆದ ಸದ್ದು ಕೇಳಿಸಿತು, ಕುರ್ಚಿ ಎಳೆದ ಸದ್ದು ಕೇಳಿಸಿತು. ನಾನು ಹೇಳಿದೆ. ಒಡೆದ ಸ್ವರದಲ್ಲಿ, ಎಲ್ಲವನ್ನೂ, ಆ ಒಂದೆರಡು ವರ್ಷದ ಮಾತನ್ನೂ ಬಿಡದೆ. ಅಣ್ಣ ಬಾಯಿ ಹಾಕಲಿಲ್ಲ. ಅಮ್ಮ ಹೂಂ ಹೂಂ ಎನ್ನುತ್ತ ಪೂರ್ತಿ ಕೇಳಿದರು.

"ಡಾಕ್ಟರ್ರು ಸಂಜೆ ಎಷ್ಟು ಗಂಟೆವರೆಗೆ ಇರ್ತಾರೆ?" ಎಂದರು.

"ಏಳರವರೆಗೆ," ಅಂದ ಅಣ್ಣ.

"ಹಾಗಾದ್ರೆ ಅವರಿಗೆ ಫೋನ್ ಮಾಡು. ಶೈಲಾ ಲೈನಿನಲ್ಲಿ ಇರ್ಲಿ. ಕೇಳುದನ್ನು ನಾನೇ ಕೇಳ್ತೇನೆ, ನೀವಿಬ್ಬರು ನಡುವೆ ಮಾತಾಡ್ಬೇಡಿ."